ಯೂನಿವರ್ಸಿಟಿ ಆಫೀಸಲ್ಲಿ ರಾಜ್ಯೋತ್ಸವ: ರದ್ದಿಯಲ್ಲೇ ಜಿಲ್ಲೆ ಕಟ್ಟೋ ಆಟ ಆಡಿಸೋದು ಹೇಗೆ

ನವೆಂಬರ್ ಬಂತು ಅಂದ್ರೆ ನಮ್ಮ ಆಡಳಿತ ಭವನದಲ್ಲಿ ಒಂದು ಸುತ್ತೋಲೆ ಬರತ್ತೆ, ಒಂದು ಕಮಿಟಿ ಆಗತ್ತೆ, ಶಾಮಿಯಾನದವರಿಗೆ ಫೋನ್ ಹೋಗತ್ತೆ. ಆಮೇಲೆ ವೇದಿಕೆ ಮೇಲೆ ಹತ್ತು ಜನ, ಕೆಳಗಡೆ ಐವತ್ತು ಜನ, ಭಾಷಣದ ಮೇಲೆ ಭಾಷಣ, ಕೊನೆಗೆ ಕೇಸರಿಬಾತ್ ಉಪ್ಪಿಟ್ಟು. ಎಷ್ಟೋ ಯೂನಿವರ್ಸಿಟಿಗಳಲ್ಲಿ ಕೆಲಸ ಮಾಡೋ ಸ್ನೇಹಿತರನ್ನ ಕೇಳಿದೀನಿ, ಎಲ್ಲರದ್ದೂ ಹೆಚ್ಚು ಕಮ್ಮಿ ಇದೇ ಕಥೆ. ಹಿಂದೆ ನಾನಿದ್ದ ಒಂದು ಕಡೆ, ಬೆಳಗ್ಗೆ ಐದೂವರೆಗೆ ಬಂದು ಏಣಿ ಹತ್ತಿ ಮಾವಿನ ತೋರಣ ಕಟ್ಟಿದ ಅಟೆಂಡರ್ ಅಣ್ಣ, ಮಧ್ಯಾಹ್ನ ಎಲ್ಲರದ್ದೂ ಊಟ ಆದ್ಮೇಲೆ ಸ್ಕೂಟರ್ ಸ್ಟ್ಯಾಂಡ್ ಪಕ್ಕ ನಿಂತ್ಕೊಂಡು ತಟ್ಟೆ ಹಿಡ್ಕೊಂಡಿದ್ರು, ಕಾರ್ಯಕ್ರಮದಲ್ಲಿ ಏನೇನಾಯ್ತು ಅಂತ ಅವರಿಗೆ ಗೊತ್ತೇ ಇರ್ಲಿಲ್ಲ, ಯಾಕಂದ್ರೆ ಅಷ್ಟೊತ್ತೂ ಅವರು ಚೇರು, ನೀರು, ಮೈಕಿನ ವೈರು ಅಂತ ಓಡಾಡ್ತಿದ್ರು. ಅದು ನನ್ನ ಮನಸ್ಸಲ್ಲಿ ಕೂತುಬಿಡ್ತು. ಹಬ್ಬ ಅಂದ್ಮೇಲೆ ಎಲ್ಲರ ಕೈಯೂ ಒಂದೇ ಕೆಲಸದಲ್ಲಿ ಇರ್ಬೇಕು, ಕೆಲವರ ಕೈ ಚಪ್ಪಾಳೆಗೆ ಕೆಲವರ ಕೈ ಚೇರ್ ಹೊರೋಕೆ ಅಂತ ಆಗಬಾರ್ದು.

ಅದಕ್ಕೆ ನಾವು ಕೆಲವರು ಸೇರಿ ಒಂದು ಆಟ ಶುರು ಮಾಡಿದ್ವಿ. ಆಫೀಸಿನ ರದ್ದಿ ಸಾಮಾನಲ್ಲೇ ಕರ್ನಾಟಕದ ಒಂದೊಂದು ಜಿಲ್ಲೆನ ಟೇಬಲ್ ಮೇಲೆ ಕಟ್ಟೋದು, ಜಿಲ್ಲೆ ಹೆಸರು ಎಲ್ಲೂ ಬರೀಬಾರ್ದು, ನೋಡಿದವರು ಗುರುತು ಹಿಡೀಬೇಕು. ಅಷ್ಟೇ ಆಟ. ಕೇಳೋಕೆ ಸ್ಕೂಲ್ ಮಕ್ಕಳದ್ದು ಅನ್ಸತ್ತೆ, ಆದ್ರೆ ಮಾಡಿ ನೋಡಿ, ವಿತ್ತಾಧಿಕಾರಿಗಳು ತೋಳು ಮಡಚಿ ಗೋಂದು ಹಚ್ಚೋದು, ಹೌಸ್‌ಕೀಪಿಂಗ್ ಅಕ್ಕ ಅವರಿಗೆ "ಸರ್ ಹಂಗಲ್ಲ, ಹಿಂಗೆ ಮಡಚಿ" ಅಂತ ಹೇಳಿಕೊಡೋದು ನೋಡೋಕೆ ಸಿಗತ್ತೆ. ಹೇಗೆ ಮಾಡೋದು ಅಂತ ನಮ್ಮ ಅನುಭವದಿಂದ ಬರೀತಿದೀನಿ, ನಿಮ್ಮಲ್ಲೂ ಮಾಡಿ.

ದಿನ ಗೊತ್ತು ಮಾಡೋದು

ನವೆಂಬರ್ 1 ಸರ್ಕಾರಿ ರಜೆ. ಅವತ್ತು ಧ್ವಜಾರೋಹಣಕ್ಕೆ ಬಂದವರು ಹತ್ತು ಗಂಟೆಗೆಲ್ಲ ಮನೆಗೆ ಹೊರಡ್ತಾರೆ, ಹೋಗ್ಲಿ ಬಿಡಿ, ಮನೆಯಲ್ಲೂ ಮಕ್ಕಳಿರ್ತಾರೆ. ಆಟವನ್ನ ಅವತ್ತೇ ತುರುಕೋಕೆ ಹೋಗ್ಬೇಡಿ. ಹೇಗೂ ತಿಂಗಳೆಲ್ಲ ರಾಜ್ಯೋತ್ಸವ ಮಾಡೋ ಪದ್ಧತಿ ಇದ್ದೇ ಇದೆ, ಒಂದು ಕೆಲಸದ ದಿನ ಮಧ್ಯಾಹ್ನ ಎರಡೂವರೆಯಿಂದ ಐದು ಗಂಟೆ ತನಕ ತಗೊಳ್ಳಿ. ದಿನ ಗೊತ್ತು ಮಾಡೋ ಮುಂಚೆ ಪರೀಕ್ಷಾ ವಿಭಾಗದವರನ್ನ ಕೇಳೋದು ಮರೀಬೇಡಿ, ಸೆಮಿಸ್ಟರ್ ಪರೀಕ್ಷೆ ಹತ್ರ ಇದ್ರೆ ಅವರಿಗೆ ಊಟಕ್ಕೂ ಪುರುಸೊತ್ತಿರಲ್ಲ, ಅವರನ್ನ ಬಿಟ್ಟು ಮಾಡಿದ್ರೆ ಆಫೀಸಿನ ಅರ್ಧ ಜೀವಾನೇ ಇಲ್ಲದ ಹಾಗೆ. ನಮ್ಮಲ್ಲಿ ಒಂದು ವರ್ಷ ಅವರಿಗೋಸ್ಕರ ಹತ್ತು ದಿನ ಮುಂದೂಡಿದ್ವಿ, ಆ ವರ್ಷವೇ ಅತಿ ಚೆನ್ನಾಗಿ ಆಯ್ತು.

ಪರ್ಮಿಷನ್ ಕೇಳುವಾಗ "ಸಾಂಸ್ಕೃತಿಕ ಕಾರ್ಯಕ್ರಮ" ಅಂತ ಒಂದು ಸಾಲು ಬರೆದು ಬಿಟ್ಟುಬಿಡ್ಬೇಡಿ, ಎಷ್ಟು ಗಂಟೆ, ಯಾವ ಹಾಲ್, ಎಷ್ಟು ಖರ್ಚು ಅಂತ ಬರೆದು ಕುಲಸಚಿವರ ಕೈಗೆ ನೀವೇ ಹೋಗಿ ಕೊಡಿ. ಖರ್ಚು ಅಂದ್ರೆ ಟೀಮಿಗೆ 300 ರೂಪಾಯಿ, ಗೋಂದು, ಬಣ್ಣ, ದಾರ ಅಷ್ಟಕ್ಕೆ. ಅದಕ್ಕಿಂತ ಜಾಸ್ತಿ ಕೊಡಬೇಡಿ. ದುಡ್ಡು ಜಾಸ್ತಿ ಆದ್ರೆ ಜನ ಅಂಗಡಿಗೆ ಹೋಗಿ ರೆಡಿಮೇಡ್ ಥರ್ಮೋಕೋಲ್ ತರ್ತಾರೆ, ಕಮ್ಮಿ ಇದ್ರೆ ತಲೆ ಓಡಿಸ್ತಾರೆ. ಇನ್ನೊಂದು, ಪ್ಲಾಸ್ಟಿಕ್ ಫ್ಲೆಕ್ಸ್, ಪ್ಲಾಸ್ಟಿಕ್ ಬಾವುಟ, ಬಂಟಿಂಗ್ ಎಲ್ಲ ನಮ್ಮ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ, ಹಾಗಾಗಿ ಬ್ಯಾನರ್ ಬೇಕು ಅಂದ್ರೆ ಒಂದು ಹಳದಿ ಬಟ್ಟೆ, ಕೆಂಪು ಪೇಂಟ್, ಅಕ್ಷರ ಚೆನ್ನಾಗಿ ಬರೆಯೋ ಒಬ್ಬರು ಸಾಕು. ಪ್ರತಿ ಆಫೀಸಲ್ಲೂ ಮುತ್ತಿನಂಥ ಅಕ್ಷರದವರು ಒಬ್ಬರಾದ್ರೂ ಇದ್ದೇ ಇರ್ತಾರೆ, ಕಂಪ್ಯೂಟರ್ ಬಂದ್ಮೇಲೆ ಅವರ ಅಕ್ಷರ ಯಾರೂ ನೋಡಿರಲ್ಲ.

ಟೀಮ್ ಮಾಡೋದು, ಇದೇ ಮುಖ್ಯ

ಇಲ್ಲಿ ಎಡವಿದ್ರೆ ಮಿಕ್ಕಿದ್ದೆಲ್ಲ ವೇಸ್ಟ್. "ನಿಮ್ಮ ನಿಮ್ಮ ವಿಭಾಗದವರು ಒಂದು ಟೀಮ್ ಆಗಿ" ಅಂತ ಮಾತ್ರ ಹೇಳ್ಬೇಡಿ. ಹಾಗೆ ಹೇಳಿದ್ರೆ ಹಣಕಾಸು ವಿಭಾಗದವರು ಹಣಕಾಸಿನವರ ಜೊತೆನೇ, ಸಾಹೇಬ್ರು ಸಾಹೇಬ್ರೇ, ಕೆಲಸ ಹೇಳೋರು ಅವರೇ, ಮಾಡೋರು ಇವರೇ, ದಿನಾ ಇರೋದೇ ಮತ್ತೆ ಟೇಬಲ್ ಮೇಲೆ ಬರತ್ತೆ.

ನಾವು ನಾಲ್ಕು ಸ್ಟೀಲ್ ಡಬ್ಬಿ ಇಡ್ತೀವಿ. ಒಂದರಲ್ಲಿ ಅಧಿಕಾರಿಗಳು ಮತ್ತು ಅಧೀಕ್ಷಕರ ಹೆಸರಿನ ಚೀಟಿ, ಇನ್ನೊಂದರಲ್ಲಿ ಎಫ್‌ಡಿಎ, ಎಸ್‌ಡಿಎ, ಅಂದ್ರೆ ಗುಮಾಸ್ತರು, ಟೈಪಿಸ್ಟು, ಮೂರನೇದ್ರಲ್ಲಿ ಡಿ ಗ್ರೂಪ್, ಹೊರಗುತ್ತಿಗೆಯವರು, ಡ್ರೈವರು, ಸೆಕ್ಯುರಿಟಿ, ತೋಟದವರು, ನಾಲ್ಕನೇದ್ರಲ್ಲಿ ಮೇಷ್ಟ್ರುಗಳು, ಲ್ಯಾಬ್‌ನವರು, ಲೈಬ್ರರಿಯವರು, ಅತಿಥಿ ಉಪನ್ಯಾಸಕರು. ಪ್ರತಿ ಟೀಮಿಗೂ ಎಲ್ಲಾ ಡಬ್ಬಿಯಿಂದಲೂ ಚೀಟಿ ಎತ್ತಬೇಕು. ಆರು ಜನದ ಎಂಟು ಟೀಮ್ ಆದ್ರೆ ನಲವತ್ತೆಂಟು ಜನ, ಒಂದು ಹಾಲಿಗೆ ಹದವಾಗಿರತ್ತೆ. ಆರಕ್ಕಿಂತ ಜಾಸ್ತಿ ಆದ್ರೆ ಇಬ್ಬರು ಸುಮ್ನೆ ನಿಂತು ಫೋಟೋ ತೆಗೀತಿರ್ತಾರೆ. ಹೊರಗುತ್ತಿಗೆಯವರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗೋದು ತುಂಬಾ ಸುಲಭ, ಯಾಕಂದ್ರೆ ಅವರ ಹಾಜರಾತಿ ಪುಸ್ತಕ ಬೇರೆ ಏಜೆನ್ಸಿ ಹತ್ರ ಇರತ್ತೆ, ಅದಕ್ಕೆ ನೀವೇ ಒಂದು ಸುತ್ತು ನಡೆದು ಗೇಟಿಂದ ಹಿಡಿದು ಟೆರೇಸಿನ ತನಕ ಯಾರ್ಯಾರು ಇದ್ದಾರೆ ಅಂತ ಹೆಸರು ಕೇಳಿ ಬರ್ಕೊಂಡು ಬನ್ನಿ. ನಾನು ಮೊದಲ ಸಲ ಹಾಗೆ ಸುತ್ತಿದಾಗ ನಾಲ್ಕು ವರ್ಷದಿಂದ ದಿನಾ ನಮಸ್ಕಾರ ಹೇಳ್ತಿದ್ದ ಒಬ್ಬರ ಹೆಸರು ಅವತ್ತೇ ಗೊತ್ತಾಗಿದ್ದು.

ಲೀಡರ್ ಯಾರು ಅನ್ನೋ ಪ್ರಶ್ನೆ ಬರತ್ತೆ. ನಮ್ಮ ನಿಯಮ, ಟೀಮಲ್ಲಿ ಆಫೀಸಿಗೆ ಎಲ್ಲರಿಗಿಂತ ಕೊನೆಗೆ ಸೇರಿದವರೇ ಲೀಡರು. ಎಲ್ಲರಿಗಿಂತ ಹಳಬರ ಕೆಲಸ ಕತ್ತರಿ ಹಿಡಿಯೋದು. ಮತ್ತೆ ಆ ಎರಡೂವರೆ ಗಂಟೆ "ಸರ್", "ಮೇಡಂ" ಬೇಡ, ಅಣ್ಣ ಅಕ್ಕ ಅಂತ ಕರೀಬೇಕು. ಇದನ್ನ ಹೇಳೋವಾಗ ಮೊದಲು ಒಬ್ಬ ಹಿರಿಯ ಅಧಿಕಾರಿ ಹತ್ರ ಹೋಗಿ, "ನೀವೇ ಶುರು ಮಾಡಿ ಸರ್" ಅಂತ ಕೇಳ್ಕೊಳ್ಳಿ. ಕೆಳಗಿನವರಿಗೆ ನೀವು ಎಷ್ಟೇ ಹೇಳಿದ್ರೂ ಬಾಯಿ ಬರಲ್ಲ, ಮೇಲಿನವರು ಮೊದಲು "ಅಕ್ಕ ಆ ಗೋಂದು ಇಲ್ಲಿ ಕೊಡಿ" ಅಂದ್ರೆ ಬಿಗಿ ತಾನಾಗೇ ಸಡಿಲ ಆಗತ್ತೆ.

ರದ್ದಿ ಕೂಡಿಸೋದು

ಎರಡು ವಾರ ಮುಂಚೆನೇ ಸ್ಟೋರ್ ರೂಮ್ ಪಕ್ಕ ಒಂದು ದೊಡ್ಡ ರಟ್ಟಿನ ಬಾಕ್ಸ್ ಇಟ್ಟು ಎಲ್ಲಾ ವಿಭಾಗಕ್ಕೂ ಹೇಳಿಬಿಡಿ. ಹಳೇ ಫೈಲ್ ರಟ್ಟು, ಕೆಂಪು ಟ್ಯಾಗು, ಎ4 ರಿಮ್ ಸುತ್ತಿದ ಕವರು, ಟೋನರ್ ಬಾಕ್ಸು, ಖಾಲಿ ಸೆಲ್ಲೋಟೇಪ್ ಬಳೆ, ಕೊರಿಯರ್ ಕವರು, ಹೋದ ವರ್ಷದ ಕ್ಯಾಲೆಂಡರು, ಶ್ರೆಡರ್‌ನಿಂದ ಬಂದ ಕಾಗದದ ಎಳೆ, ಪಂಚಿಂಗ್ ಮಷೀನ್ ಹೊಟ್ಟೆಯಲ್ಲಿ ಇರೋ ಚುಕ್ಕಿಗಳು. ಆ ಚುಕ್ಕಿಗಳನ್ನ ಯಾರೂ ಬಿಸಾಡಬೇಡಿ ಅಂತ ವಿಶೇಷವಾಗಿ ಹೇಳಿ, ಹೂವಿಗೆ, ಮಂಜಿಗೆ, ರಂಗೋಲಿಗೆ ಎಲ್ಲಕ್ಕೂ ಆಗತ್ತೆ.

ಒಂದು ಎಚ್ಚರಿಕೆ ಮಾತ್ರ ಕಟ್ಟುನಿಟ್ಟು. ಒಂದು ಸಲ ರದ್ದಿ ರಾಶಿಯಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿ ಜೆರಾಕ್ಸ್ ಬಂದುಬಿಟ್ಟಿತ್ತು, ಹೆಸರು, ರಿಜಿಸ್ಟರ್ ನಂಬರ್, ಫೋನ್ ನಂಬರ್ ಸಮೇತ, ಯಾರೋ ಅದನ್ನ ದೋಣಿ ಮಾಡಿ ಟೇಬಲ್ ಮೇಲೆ ಇಟ್ಟಿದ್ರು, ಪುಣ್ಯಕ್ಕೆ ಹೊರಗಿನವರು ಬರೋ ಮುಂಚೆ ಕಣ್ಣಿಗೆ ಬಿತ್ತು. ಅವತ್ತಿಂದ ಬಾಕ್ಸಿಗೆ ಬೀಳೋ ಪ್ರತಿ ಹಾಳೆಯನ್ನ ಒಬ್ಬರು ನೋಡೇ ಒಳಗೆ ಬಿಡೋದು. ಉತ್ತರ ಪತ್ರಿಕೆ ಅಂತೂ ಎಷ್ಟೇ ಹಳೇದಾದ್ರೂ ಮುಟ್ಟಲೇಬಾರ್ದು, ಅದನ್ನ ವಿಲೇವಾರಿ ಮಾಡೋಕೆ ಅದರದ್ದೇ ನಿಯಮ ಇದೆ. ಅರ್ಜಿ, ಪತ್ರ, ಸಹಿ ಇರೋ ಟಿಪ್ಪಣಿ ಹಾಳೆ ಯಾವುದೂ ಬೇಡ. ಖಾಲಿ ರಟ್ಟು, ಖಾಲಿ ಕವರು, ಅಷ್ಟೇ.

ಜಿಲ್ಲೆ ಚೀಟಿ

ಈಗ 31 ಜಿಲ್ಲೆ. ಹಳೇ ಪಟ್ಟಿ ಕಾಪಿ ಮಾಡ್ಬೇಡಿ, ಬಳ್ಳಾರಿಯಿಂದ ಬೇರೆ ಆಗಿ ವಿಜಯನಗರ ಜಿಲ್ಲೆ 2021ರಲ್ಲಿ ಆಯ್ತು, ರಾಮನಗರಕ್ಕೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿದೆ. 31 ಚೀಟಿ ಬರೆದು ಒಂದೊಂದು ಟೀಮ್ ಒಂದೊಂದು ಎತ್ತಲಿ, ಮೂರು ದಿನ ಮುಂಚೆ ಎತ್ತಿದ್ರೆ ಸಾಕು. ಗುಟ್ಟು ಬಿಟ್ಟುಕೊಡಬಾರ್ದು. ಆ ಮೂರು ದಿನ ಕಾರಿಡಾರಲ್ಲಿ ಏನು ಪಿಸುಪಿಸು, ಕ್ಯಾಂಟೀನಲ್ಲಿ ಟೀ ಕುಡಿಯೋವಾಗ ಯಾರ ಬಾಯಿಂದ ಏನು ಬರತ್ತೋ ಅಂತ ಎಲ್ಲರೂ ಕಿವಿ ಕೊಟ್ಟಿರ್ತಾರೆ. ನನಗೆ ಅನ್ಸೋದು, ಹಬ್ಬ ನಿಜವಾಗಿ ಶುರು ಆಗೋದೇ ಆ ಮೂರು ದಿನದಲ್ಲಿ.

ತಮ್ಮ ಸ್ವಂತ ಜಿಲ್ಲೆ ಬಂದ್ರೆ ಬದಲಾಯಿಸಬೇಕಾ ಅಂತ ಕೇಳ್ತಾರೆ, ಬೇಡ. ಆದ್ರೆ ಬೇರೆ ಜಿಲ್ಲೆ ಬಂದ್ರೆ ಇನ್ನೂ ಒಳ್ಳೇದು, ಆಗ ಆ ಜಿಲ್ಲೆಯವರನ್ನ ಆಫೀಸಲ್ಲಿ ಹುಡುಕಿಕೊಂಡು ಹೋಗಿ ಮಾತಾಡ್ಬೇಕಾಗತ್ತೆ. "ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಯಾಕೆ ಸುಕ್ಕುಸುಕ್ಕಾಗಿರತ್ತೆ" ಅಂತ ಹಾವೇರಿ ಕಡೆಯ ಗುಮಾಸ್ತರನ್ನ ಒಬ್ಬರು ಕೇಳಿದ್ದೇ ತಡ, ಅವರು ಅರ್ಧ ಗಂಟೆ ಸಂತೆ, ಬಣ್ಣ, ಖಾರ, ರೇಟು ಅಂತ ಹೇಳಿದ್ರು. ಬಣ್ಣ ಗಾಢ, ಖಾರ ಕಮ್ಮಿ, ಅದೇ ಅದರ ಬೆಲೆ ಅಂತ. ಐದು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದು ನಾವ್ಯಾರೂ ಕೇಳಿರ್ಲಿಲ್ಲ.

ಏನೇನು ಕಟ್ಟಬಹುದು

ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಜನ "ನಮಗೆ ಕಲೆ ಗಿಲೆ ಬರಲ್ಲ" ಅಂತ ಹಿಂದೆ ಸರಿಯೋದು ಇಲ್ಲೇ. ಕಲೆ ಬೇಡ, ನಿಮ್ಮ ಟೇಬಲ್ ಮೇಲೆ ದಿನಾ ಇರೋ ಸಾಮಾನನ್ನ ಬೇರೆ ಕಣ್ಣಲ್ಲಿ ನೋಡಿದ್ರೆ ಸಾಕು.

ನಾನು ನೋಡಿದ್ರಲ್ಲಿ ಎಲ್ಲಕ್ಕಿಂತ ಚಂದ ಬಂದಿದ್ದು ಬೀದರ್. ಬಿದರಿ ಕಲೆ ಗೊತ್ತಲ್ಲ, ಸತು ತಾಮ್ರ ಸೇರಿಸಿ ಎರಕ ಹೊಯ್ದು, ಅದರ ಮೇಲೆ ಗೀರು ಕೊರೆದು ಬೆಳ್ಳಿ ಎಳೆ ಕೂರಿಸಿ, ಆಮೇಲೆ ಬೀದರ್ ಕೋಟೆಯ ಮಣ್ಣಿಂದ ಕಪ್ಪು ಬಣ್ಣ ಬರಿಸ್ತಾರೆ. ಕಪ್ಪಿನ ಮೇಲೆ ಬೆಳ್ಳಿ. ನಮ್ಮ ಬೀದರ್ ಟೀಮಿನ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು ಅಷ್ಟೇ, ಒಂದು ಹಳೇ ಫೈಲ್ ರಟ್ಟಿಗೆ ಕಪ್ಪು ಬಣ್ಣ ಬಳಿದು ಅದರ ಮೇಲೆ ಸ್ಟೇಪ್ಲರ್ ಪಿನ್ ಹೊಡೀತಾ ಹೋದಳು. ಒಂದೊಂದೇ ಪಿನ್ನು, ಓರೆಯಾಗಿ, ನೇರವಾಗಿ, ಬಳ್ಳಿ, ಎಲೆ, ಹೂವು. ಸ್ಟೇಪ್ಲರ್ ಬಾಯಿ ಮಧ್ಯದ ತನಕ ಮುಟ್ಟಲ್ಲ ಅಂತ ನಡುವಿನ ಹೂವಿಗೆ ಸ್ಟೇಪ್ಲರ್‌ನ ಪೂರ್ತಿ ಬಿಡಿಸಿ, ಕೆಳಗೆ ಥರ್ಮೋಕೋಲ್ ತುಂಡು ಇಟ್ಟು ಒತ್ತಿ, ಹಿಂದೆ ತಿರುಗಿಸಿ ಪಿನ್ನಿನ ಕಾಲು ಮಡಚಬೇಕಾಗಿತ್ತು, ಆ ಮಡಚೋ ಕೆಲಸ ಇಬ್ಬರು ಹಿರಿಯ ಅಧೀಕ್ಷಕರು ಸ್ಕೇಲ್ ಹಿಡ್ಕೊಂಡು ಕೂತು ಮಾಡಿದ್ರು. ಟ್ಯೂಬ್‌ಲೈಟ್ ಬೆಳಕಿಗೆ ಆ ರಟ್ಟು ಮಿರಮಿರ ಅಂತಿತ್ತು. ಹಾಲಿಗೆ ಬಂದ ಬೀದರ್ ಕಡೆಯ ಮೇಷ್ಟ್ರು ಅದರ ಮುಂದೆ ಸುಮ್ನೆ ನಿಂತುಬಿಟ್ರು.

ಚನ್ನಪಟ್ಟಣದ ಗೊಂಬೆ ಮಾಡೋರಿಗೆ ಪರೀಕ್ಷಾ ವಿಭಾಗದ ಅಟೆಂಡರ್ ಸಿಕ್ಕಿದ್ರು. ಅವರು ಎಷ್ಟೋ ವರ್ಷ ಬಂಡಲ್‌ಗೆ ಅರಗಿನ ಸೀಲ್ ಒತ್ತಿದವರು. ಚನ್ನಪಟ್ಟಣದಲ್ಲೂ ಆಲೆ ಮರದ ತುಂಡನ್ನ ಚರಕಿಗೆ ಹಾಕಿ ತಿರುಗಿಸ್ತಾ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳತ್ತೆ, ಅದೇ ಆ ಗೊಂಬೆಗಳ ಹೊಳಪು. ಇದನ್ನ ಯಾರೋ ಹೇಳಿದಾಗ ಅವರ ಮುಖ ನೋಡ್ಬೇಕಿತ್ತು, "ನಾನು ಇಷ್ಟು ದಿನ ಮಾಡ್ತಿದ್ದೂ ಅದೇ ಅರಗಿನ ಕೆಲಸ" ಅಂತ ಕುರ್ಚಿ ಎಳ್ಕೊಂಡು ಕೂತ್ರು. ಪ್ರಿಂಟರ್ ರೋಲಿನ ಒಳಗಿನ ಕೊಳವೆ ಕತ್ತರಿಸಿ, ಕಾಗದ ಸುತ್ತಿ ಗುಂಡಗಿನ ತಲೆ ಮಾಡಿ, ಕೆಂಪು ಅರಗು ತೊಟ್ಟಿಕ್ಕಿಸಿ ಟೋಪಿ ಮಾಡಿದ್ರು. ಮೋಂಬತ್ತಿ, ಅರಗು ಇದ್ದಲ್ಲಿ ಮಾತ್ರ ಹಾಲಿನ ಹೊರಗೆ ಮಾಡಿಸಿ, ಪಕ್ಕ ಒಂದು ಬಕೆಟ್ ನೀರು ಇಡಿ, ಸುತ್ತಲೂ ಇರೋದು ಬರೀ ಕಾಗದ.

ಶಿವಮೊಗ್ಗ ಬಂದವರಿಗೆ ಶ್ರೆಡರ್ ಕಾಗದ ಚಿನ್ನ. ಜೋಗ 253 ಮೀಟರ್ ಮೇಲಿಂದ ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲಾಗಿ ಬೀಳತ್ತೆ, ಬೀರು ಮೇಲಿಂದ ನಾಲ್ಕು ಕಡೆ ಕಾಗದದ ಎಳೆ ಇಳಿಬಿಟ್ಟು ಕೆಳಗೆ ಟೇಬಲ್ ಫ್ಯಾನ್ ಇಟ್ರೆ ಅದು ಅಲ್ಲಾಡತ್ತೆ. ನಾಲ್ಕೂ ಒಂದೇ ಥರ ಬಿಟ್ರೆ ಜೋಗ ಅನ್ಸಲ್ಲ, ರಾಜ ನೆಟ್ಟಗೆ ಒಂದೇ ಧಾರೆ, ರಾಣಿ ಬಂಡೆ ಮೇಲೆ ಹರಡಿಕೊಂಡು, ಅದನ್ನ ಗಮನಿಸಿ ಮಾಡಿ. ವಿಜಯಪುರಕ್ಕೆ ಗೋಲಗುಮ್ಮಟ, ಯಾರದ್ದಾದ್ರೂ ಬಿಳಿ ಹೆಲ್ಮೆಟ್ ಗುಮ್ಮಟ ಆಗತ್ತೆ, ನಾಲ್ಕು ಮೂಲೆಗೆ ಟೀ ಕಪ್ ಮೇಲೆ ಕಪ್ ಜೋಡಿಸಿದ್ರೆ ಮಿನಾರು. ವಿಜಯನಗರಕ್ಕೆ ಹಂಪಿಯ ಕಲ್ಲಿನ ರಥ, ಸೆಲ್ಲೋಟೇಪ್ ಬಳೆಗಳೇ ಚಕ್ರ, ಹಂಪಿಗೆ ಹೋಗಿಲ್ಲದವರು ಜೇಬಿನ ಹೊಸ 50 ರೂಪಾಯಿ ನೋಟಿನ ಹಿಂಬದಿ ನೋಡ್ಕೊಂಡೇ ಕಟ್ಟಬಹುದು. ಬಾಗಲಕೋಟೆಗೆ ಇಳಕಲ್ ಸೀರೆ, ಫೈಲ್ ಟ್ಯಾಗಿನ ಕೆಂಪು ದಾರ ಬಿಳಿ ದಾರ ಹೆಣೆದು ಸೆರಗು ಮಾಡ್ಬಹುದು, ಹೊಲಿಗೆ ಬಲ್ಲವರು ಒಬ್ಬರಿದ್ರೆ ಬಿಡಲೇಬೇಡಿ. ಚಿಕ್ಕಮಗಳೂರಿಗೆ ಕಾಫಿ, ಉಡುಪಿಗೆ ಮಟ್ಟುಗುಳ್ಳ ಬದನೆಕಾಯಿ ಅಥವಾ ಶಂಕರಪುರ ಮಲ್ಲಿಗೆ (ಅದಕ್ಕೆ ಪಂಚಿಂಗ್ ಚುಕ್ಕಿ), ಕಲಬುರಗಿಗೆ ತೊಗರಿ. ಪ್ರತಿ ಜಿಲ್ಲೆಗೂ ಏನಾದ್ರೊಂದು ಇದ್ದೇ ಇದೆ. ಏನೂ ಹೊಳೀದಿದ್ರೆ ಭೌಗೋಳಿಕ ಸೂಚ್ಯಂಕ ಅಂದ್ರೆ ಜಿಐ ಟ್ಯಾಗ್ ಸಿಕ್ಕಿರೋ ಪದಾರ್ಥಗಳ ಪಟ್ಟಿ ನೋಡಿ, ಕರ್ನಾಟಕದ್ದು ನಲವತ್ತಕ್ಕೂ ಜಾಸ್ತಿ ಇವೆ.

ಆ ದಿನ

ಎರಡೂವರೆಗೆ ನಾಡಗೀತೆ. ಇದನ್ನ ಸ್ಪೀಕರಲ್ಲಿ ಹಾಕಿ ಎಲ್ಲರೂ ಸುಮ್ನೆ ನಿಲ್ಲೋದು ಬೇಡ, ಎಲ್ಲರೂ ಬಾಯಿಬಿಟ್ಟು ಹಾಡ್ಲಿ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಲ್ಲಿ ಹಾಡ್ಬೇಕು ಅಂತ ಗೊತ್ತು ಮಾಡಿದೆ, ಹಿಂದಿನ ದಿನ ಊಟದ ವೇಳೆಯಲ್ಲಿ ಎರಡು ಸಲ ಪ್ರಾಕ್ಟೀಸ್ ಮಾಡಿದ್ರೆ ಸಾಕು. ಆಮೇಲೆ ಮುಖ್ಯಸ್ಥರ ಮಾತು ಐದು ನಿಮಿಷ. ಹಾರ, ಶಾಲು, ಫಲತಾಂಬೂಲ ಯಾವುದೂ ಇಲ್ಲ. ಇಷ್ಟರಲ್ಲಿ ಹತ್ತು ನಿಮಿಷ ಮುಗೀತು.

ಕಟ್ಟೋಕೆ ತೊಂಬತ್ತು ನಿಮಿಷ. ಗಂಟೆ ಹೊಡೀರಿ, ಎಲ್ಲಾ ಯೂನಿವರ್ಸಿಟಿಯಲ್ಲೂ ಪರೀಕ್ಷೆ ಗಂಟೆ ಒಂದು ಇರತ್ತಲ್ಲ ಅದನ್ನೇ ತನ್ನಿ. ಅರ್ಧ ಗಂಟೆಗೊಂದು ಹೊಡೀರಿ, ಕೊನೆಯ ಹತ್ತು ನಿಮಿಷಕ್ಕೆ ಒಂದು, ಆಗ ನೋಡಿ ಓಡಾಟ. ಈ ಹೊತ್ತಲ್ಲಿ ನೀವು ಆಯೋಜಕರು ಮಧ್ಯೆ ಹೋಗಿ ಐಡಿಯಾ ಕೊಡಬೇಡಿ. ಎರಡು ಕೆಲಸ ಮಾತ್ರ ನಿಮ್ಮದು, ಯಾರಾದ್ರೂ ಮೂಲೆಯಲ್ಲಿ ಸುಮ್ನೆ ನಿಂತಿದ್ರೆ ಅವರ ಕೈಗೆ ಒಂದು ಕೆಲಸ ಕೊಡೋದು, ಮತ್ತೆ ಡಿ ಗ್ರೂಪಿನವರನ್ನ ಯಾರಾದ್ರೂ "ಸ್ವಲ್ಪ ನೀರು ತಗೊಂಬನ್ನಿ" ಅಂತ ಕಳಿಸೋಕೆ ಹೋದ್ರೆ ತಡೆಯೋದು. ನೀರು, ಟೀ ಎಲ್ಲ ಮುಂಚೆನೇ ಒಂದು ಮೂಲೆಯಲ್ಲಿ ಇಟ್ಟುಬಿಡಿ, ಬೇಕಾದವರು ಹೋಗಿ ಕುಡೀಲಿ.

ಕನ್ನಡ ಬರದ ಮೇಷ್ಟ್ರುಗಳು ಇರ್ತಾರೆ, ಬೇರೆ ರಾಜ್ಯದಿಂದ ಬಂದವರು. ಅವರನ್ನ ಪಾಪ ಅಂತ ಬದಿಗೆ ಕೂರಿಸಬೇಡಿ, ಕತ್ತರಿಸೋಕೆ ಅಂಟಿಸೋಕೆ ಭಾಷೆ ಬೇಡ. ಒಬ್ಬ ಫಿಸಿಕ್ಸ್ ಮೇಡಂ ಎರಡು ವರ್ಷದಿಂದ ನಮ್ಮಲ್ಲಿದ್ರು, ಕನ್ನಡ ಅಂದ್ರೆ ದೂರ ಇರ್ತಿದ್ರು, ಅವತ್ತು ಸಂಜೆ ಹೋಗೋವಾಗ "ಗೋಂದು, ಕತ್ತರಿ, ರಟ್ಟು, ಸಾಕು, ಬೇಕು" ಅಂತ ಬೆರಳು ಮಡಚಿ ಎಣಿಸ್ತಿದ್ರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡವ, ಉರ್ದು, ಲಂಬಾಣಿ ಮಾತಾಡೋರೂ ನಮ್ಮ ನಡುವೆ ಎಷ್ಟೋ ಜನ, ಇದು ಅವರ ಹಬ್ಬವೂ ಹೌದು ಅನ್ನೋದು ಟೇಬಲ್ ಮೇಲೆ ಕಾಣಬೇಕು.

ಮುಗಿದ ಮೇಲೆ ಗುರುತು ಹಿಡಿಯೋ ಆಟ. ಎಲ್ಲರಿಗೂ ಒಂದು ಚೀಟಿ, ಟೇಬಲ್ ನಂಬರ್ ಎದುರು ಜಿಲ್ಲೆ ಹೆಸರು ಬರೆಯೋದು, ಒಬ್ಬರ ಜೊತೆ ಒಬ್ಬರು ಚರ್ಚೆ ಮಾಡ್ಬಹುದು, ಮಾಡ್ಲಿ ಅಂತಾನೇ ಇದೆ. ಆಮೇಲೆ ಒಂದೊಂದು ಟೇಬಲ್ ಹತ್ರ ಆ ಜಿಲ್ಲೆಯಲ್ಲಿ ಹುಟ್ಟಿದವರು ಯಾರಾದ್ರೂ ಇದ್ರೆ ಎರಡು ನಿಮಿಷ ಮಾತಾಡ್ಬೇಕು, ಅವರ ಊರಿನ ಕನ್ನಡದಲ್ಲೇ. ಧಾರವಾಡದವರು ಧಾರವಾಡದ ಹಂಗ, ಕುಂದಾಪುರದವರು ಕುಂದಾಪುರದ ಹಾಂಗೆ. ಆಫೀಸಿಗೆ ಬಂದ್ಮೇಲೆ ಎಲ್ಲರೂ ಒಂದೇ ಥರದ ಕನ್ನಡಕ್ಕೆ ಬಾಯಿ ಹೊಂದಿಸಿಕೊಂಡಿರ್ತಾರೆ, ಆ ಎರಡು ನಿಮಿಷ ಅವರ ಮುಖದ ಕಳೆನೇ ಬೇರೆ. ಯಾರೂ ಆಡಿಕೊಂಡು ನಗಬಾರ್ದು, ಇದನ್ನ ಶುರುವಿನಲ್ಲೇ ಸ್ಪಷ್ಟವಾಗಿ ಹೇಳಿ.

ಬಹುಮಾನಕ್ಕೆ ಫಸ್ಟ್ ಸೆಕೆಂಡ್ ಬೇಡ, ಅದು ಬಂದ್ರೆ ಮಾರನೇ ದಿನ ಜಡ್ಜ್ ಬಗ್ಗೆ ಮಾತು. ಅತಿ ಹೆಚ್ಚು ಜನ ಗುರುತು ಹಿಡಿದ ಟೇಬಲ್‌ಗೆ ಒಂದು, ಅತಿ ಹೆಚ್ಚು ಜಗಳ ಹುಟ್ಟಿಸಿದ ಟೇಬಲ್‌ಗೆ ಒಂದು. ಎರಡಕ್ಕೂ ಒಂದೊಂದು ಕೆಜಿ ಧಾರವಾಡ ಪೇಡ, ಹಾಲಲ್ಲೇ ಎಲ್ಲರಿಗೂ ಹಂಚಿ ಖಾಲಿ ಮಾಡ್ಬೇಕು.

ತಿಂಡಿ ವಿಷಯ ಒಂದು ಮಾತು. "ಎಲ್ಲರೂ ಮನೆಯಿಂದ ಏನಾದ್ರೂ ಮಾಡ್ಕೊಂಡು ಬನ್ನಿ" ಅಂದ್ರೆ ಹೆಣ್ಣುಮಕ್ಕಳು ಬೆಳಗ್ಗೆ ನಾಲ್ಕಕ್ಕೆ ಎದ್ದು ಮಾಡ್ತಾರೆ, ಗಂಡಸರು ಚಿಪ್ಸ್ ಪ್ಯಾಕೆಟ್ ತರ್ತಾರೆ. ಹಾಗಾಗಿ ಕ್ಯಾಂಪಸ್ ಕ್ಯಾಂಟೀನಿಗೇ ಹೇಳಿಬಿಡಿ, ಮಂಡಕ್ಕಿ ಮಿರ್ಚಿ ಸಾಕು, ಕೈಯೆಲ್ಲ ಗೋಂದು ಇರೋವಾಗ ಊಟ ಯಾರಿಗೂ ಬೇಡ. ಬಡಿಸೋ ಸರದಿ ಅಧಿಕಾರಿಗಳದ್ದು. ಮೊದಲ ತಟ್ಟೆ ಏಣಿ ಹತ್ತಿ ತೋರಣ ಕಟ್ಟಿದವರಿಗೆ.

ಆಮೇಲೆ

ಕಟ್ಟಿದ್ದನ್ನ ಅವತ್ತೇ ಕಸದ ಬುಟ್ಟಿಗೆ ಹಾಕ್ಬೇಡಿ, ಮನಸ್ಸಿಗೆ ನೋವಾಗತ್ತೆ. ಒಂದು ವಾರ ಆಡಳಿತ ಭವನದ ಕೆಳಗಿನ ಕಾರಿಡಾರಲ್ಲಿ ಇಡಿ. ಅಂಕಪಟ್ಟಿಗೆ, ಮೈಗ್ರೇಷನ್ ಸರ್ಟಿಫಿಕೇಟ್‌ಗೆ ಅಂತ ದೂರದ ಊರಿಂದ ಬಂದು ಗಂಟೆಗಟ್ಟಲೆ ಕಾಯೋ ಹುಡುಗರು ಅದರ ಮುಂದೆ ನಿಂತು ಜಿಲ್ಲೆ ಊಹೆ ಮಾಡ್ತಾರೆ, ಪಕ್ಕ ಒಂದು ನೋಟ್‌ಬುಕ್ ಇಟ್ರೆ ಉತ್ತರಾನೂ ಬರೀತಾರೆ. ವಾರ ಆದ್ಮೇಲೆ ರಟ್ಟು ಕಾಗದ ಎಲ್ಲ ರದ್ದಿಗೆ, ಬಂದ ದುಡ್ಡು ಮುಂದಿನ ವರ್ಷದ ಗೋಂದಿಗೆ. ಹೆಲ್ಮೆಟ್ ಮಾತ್ರ ಅವತ್ತು ಸಂಜೆನೇ ವಾಪಸ್ ಕೊಡಿ, ಅವರು ಗಾಡಿಯಲ್ಲಿ ಮನೆಗೆ ಹೋಗ್ಬೇಕು. ನಮ್ಮ ಸ್ಟೇಪ್ಲರ್ ಪಿನ್ನಿನ ಬಿದರಿ ರಟ್ಟು ಈಗಲೂ ಟಪಾಲು ವಿಭಾಗದ ಗೋಡೆ ಮೇಲೆ ಇದೆ, ಪಿನ್ ತುಕ್ಕು ಹಿಡೀಬಾರ್ದು ಅಂತ ಅಲ್ಲಿನ ಅಕ್ಕ ಅದಕ್ಕೊಂದು ಲ್ಯಾಮಿನೇಷನ್ ಹಾಳೆ ಹೊದಿಸಿದಾರೆ.